ವಂದನಾರ್ಪಣೆ ಬಾಕಿ

ಸಭೆಗಳಲ್ಲಿ ಸನ್ಮಾನಕ್ಕೆ ಕೊಡುವ ಹಣ್ಣಿನ ಬುಟ್ಟಿಗೆ ಸುತ್ತುವ ಪಾರದರ್ಶಕ ಕಾಗದ ಇದೆಯಲ್ಲ, ಮುಟ್ಟಿದರೆ ಪರಪರ ಎನ್ನುವಂಥದ್ದು, ಆ ಸದ್ದು ಕಿವಿಗೆ ಬಿದ್ದ ಕೂಡಲೇ ನನಗೆ ಎದ್ದು ನಿಲ್ಲಬೇಕೆನಿಸುತ್ತದೆ. ನಿಂತು, ಎರಡೂ ಕೈ ಜೋಡಿಸಿ, ಗಂಟಲು ಸರಿಮಾಡಿಕೊಂಡು, ‘ವೇದಿಕೆಯಲ್ಲಿ ಆಸೀನರಾಗಿರುವ ಗಣ್ಯರೇ’ ಎಂದು ಶುರು ಮಾಡಬೇಕೆನಿಸುತ್ತದೆ. ಇವತ್ತು ಬೆಳಗ್ಗೆ ಅಡುಗೆಮನೆಯಲ್ಲಿ ಹೆಂಡತಿ ಅಂಥದೊಂದು ಬುಟ್ಟಿಯ ಕಾಗದ ಬಿಚ್ಚುತ್ತಿದ್ದಳು. ಚಾವಡಿಯಲ್ಲಿ ಪೇಪರ್ ಓದುತ್ತಿದ್ದ ನಾನು ನನಗೇ ತಿಳಿಯದಂತೆ ಅರ್ಧ ಎದ್ದಿದ್ದೆ.

“ಕೂತ್ಕೊಳ್ಳಿ, ಇಲ್ಲಿ ಯಾರೂ ಭಾಷಣ ಮಾಡ್ಲಿಲ್ಲ,” ಎಂದಳು ಒಳಗಿನಿಂದಲೇ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವಳಿಗೆ ನನ್ನ ಮೊಣಕಾಲಿನ ಸದ್ದೂ ಗುರುತು ಸಿಗುತ್ತದೆ.

ನಿಮಗೆ ವಿಷಯ ಬಿಡಿಸಿ ಹೇಳಬೇಕು. ನಾನು ನಿವೃತ್ತ ಕನ್ನಡ ಅಧ್ಯಾಪಕ. ಆದರೆ ಪಾಠ ಮಾಡಿದ್ದು ನನ್ನ ಉಪಕಸುಬು. ನನ್ನ ನಿಜವಾದ ಉದ್ಯೋಗ ವಂದನಾರ್ಪಣೆ. ಕಾಲೇಜಿನಲ್ಲಿ ಯಾವ ಉಪನ್ಯಾಸ ನಡೆದರೂ ಕೊನೆಗೆ ಧನ್ಯವಾದ ಹೇಳುವವನು ನಾನೇ. ಸ್ಥಳೀಯ ಪತ್ರಿಕೆಗಳಲ್ಲಿ ನಮ್ಮ ಕಾರ್ಯಕ್ರಮದ ವರದಿ ಬರುತ್ತಿತ್ತಲ್ಲ, ಅದರ ತೀರಾ ಕೊನೆಯ ಸಾಲಿನಲ್ಲಿ ನನ್ನ ಹೆಸರಿನ ಮುಂದೆ ಯಾವಾಗಲೂ ಇದ್ದದ್ದು ಒಂದೇ ಮಾತು: ‘ವಂದಿಸಿದರು.’ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದದ್ದರ ಸಾರಾಂಶ ಅಷ್ಟೇ. ಪೇಪರಿನವರಿಗೆ ಜಾಗ ಕಡಿಮೆಯಾದಾಗ ಆ ಸಾಲನ್ನೂ ತೆಗೆಯುತ್ತಿದ್ದರು.

ನಮ್ಮ ಕಾಲೇಜು ಬಂಟ್ವಾಳಕ್ಕೂ ಬೆಳ್ತಂಗಡಿಗೂ ಮೂಡುಬಿದಿರೆಗೂ ಸರಿಸುಮಾರು ಅಷ್ಟಷ್ಟೇ ದೂರ. ಅಂದರೆ ಯಾವುದಕ್ಕೂ ಹತ್ತಿರವಲ್ಲ. ಮೂರೂ ಕಡೆಯಿಂದ ಬಸ್ಸು ಬರುತ್ತದೆ, ಮೂರೂ ತಡವಾಗಿ ಬರುತ್ತವೆ. ಮೊದಲು ಅದು ಕಲಾ ಮತ್ತು ವಾಣಿಜ್ಯ ಕಾಲೇಜು ಆಗಿತ್ತು. ಒಮ್ಮೆ ನಮ್ಮ ಸಂಚಾಲಕರು, ಎಂದರೆ ಆಡಳಿತ ಮಂಡಳಿಯ ಯಜಮಾನರು, ಬೆಂಗಳೂರಿನಲ್ಲಿ ಏನೋ ಸಮ್ಮೇಳನಕ್ಕೆ ಹೋಗಿ ಬಂದರು. ಬಂದ ವಾರದಲ್ಲೇ ಗೇಟಿನ ಬೋರ್ಡು ‘ಲಿಬರಲ್ ಆರ್ಟ್ಸ್ ಕಾಲೇಜು’ ಎಂದು ಬದಲಾಯಿತು. ಹಾಗೆಂದರೆ ಏನೆಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಅರ್ಥಶಾಸ್ತ್ರದ ಅಧ್ಯಾಪಕರು ಮಾತ್ರ ನನ್ನ ಕಿವಿಯಲ್ಲಿ, “ಇನ್ನು ನಾವು ಡ್ರಾಯಿಂಗ್ ಸಹ ಕಲಿಸ್ಬೇಕಾ ಮಾರಾಯ್ರೆ?” ಎಂದು ಗಾಬರಿಯಿಂದ ಕೇಳಿದರು. ಕೊನೆಗೆ ಪ್ರಾಂಶುಪಾಲರು ಸ್ಟಾಫ್ ಮೀಟಿಂಗಿನಲ್ಲಿ ಅದನ್ನು ಸ್ಪಷ್ಟಪಡಿಸಿದರು. ಲಿಬರಲ್ ಆರ್ಟ್ಸ್ ಎಂದರೆ ಪಾಠ ಇದ್ದ ಹಾಗೇ ಇರುತ್ತದೆ, ಸಾರ್ವಜನಿಕ ಉಪನ್ಯಾಸ ಜಾಸ್ತಿಯಾಗುತ್ತದೆ.

ಜಾಸ್ತಿ ಎಂದರೆ ಎಷ್ಟು ಜಾಸ್ತಿ! ಜೇನು ಸಾಕುವವರು ಬಂದರು, ಶಾಸನ ಓದುವವರು ಬಂದರು, ತೆರಿಗೆ ಕಟ್ಟುವ ಬಗ್ಗೆ ಹೇಳುವವರು ಬಂದರು, ತೆರಿಗೆ ಕಟ್ಟಿಯೂ ನೆಮ್ಮದಿಯಾಗಿರುವ ಬಗ್ಗೆ ಹೇಳುವವರು ಬಂದರು. ನಮ್ಮೂರಿನ ಸಭೆಗಳನ್ನು ನೀವು ನೋಡಿದ್ದರೆ ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ. ಇಲ್ಲಿ ಭಾಷಣಕ್ಕಾಗಿ ಸಭೆ ಸೇರುವುದಲ್ಲ, ಸಭೆಗಾಗಿ ಭಾಷಣ ಇಡುವುದು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಪರಿಚಯ ಮಾಡಿದವರ ಪರಿಚಯ. ಇಷ್ಟು ದೊಡ್ಡ ವೇದಿಕೆ ಕಟ್ಟಿದ್ದೇವಲ್ಲ, ಹೂವೂ ಬಾಡುತ್ತದೆ ಎಂದು ನಡುವೆ ಖೋ-ಖೋ ತಂಡಕ್ಕೊಂದು ಸನ್ಮಾನ. ಇಷ್ಟೆಲ್ಲ ಆಗಿ ಉಪನ್ಯಾಸಕಾರರು ಎದ್ದು ನಿಲ್ಲುವಾಗ ಪ್ರಾಂಶುಪಾಲರು ಕೈಗಡಿಯಾರವನ್ನು ಮುಟ್ಟಿ ಮುಟ್ಟಿ ನೋಡಲು ಶುರು ಮಾಡುತ್ತಿದ್ದರು.

ಈ ವ್ಯವಸ್ಥೆಗೆ ಎರಡು ಅಲಿಖಿತ ಕಾನೂನುಗಳಿದ್ದವು. ಒಂದು, ಧನ್ಯವಾದ ಆಗುವವರೆಗೆ ಸಭೆಯಿಂದ ಯಾರೂ ಏಳುವ ಹಾಗಿಲ್ಲ. ಇದು ಭಯವಲ್ಲ, ಸಂಸ್ಕಾರ. ಒಮ್ಮೆ ಅತಿಥಿಗಳ ಕಾರಿಗೆ ಅಡ್ಡ ನಿಂತ ಬೈಕು ತೆಗೆಸಲು ನಾನು ಹೊರಗೆ ಹೋಗಿದ್ದೆ. ಬೈಕಿನ ಯಜಮಾನ ಸಿಗದೆ ಬಹಳ ಹೊತ್ತಾಯಿತು. ವಾಪಸು ಬಂದರೆ ಇಡೀ ಸಭಾಂಗಣ ಮಿಸುಕದೆ ಕುಳಿತಿದೆ, ವೇದಿಕೆಯಲ್ಲಿ ಅತಿಥಿಗಳು ಎದುರಿನ ಗೋಡೆಯನ್ನು ನೋಡುತ್ತಿದ್ದಾರೆ, ಒಬ್ಬರೂ ಒಂದು ಮಾತನ್ನೂ ಆಡುತ್ತಿಲ್ಲ. ನಾನು ಹೋಗಿ ‘ಧನ್ಯವಾದಗಳು’ ಎಂದದ್ದೇ ತಡ, ಕಟ್ಟೆ ಒಡೆದ ಹಾಗೆ ಎಲ್ಲರೂ ಬಾಗಿಲಿಗೆ ನುಗ್ಗಿದರು. ನನ್ನ ಬದುಕಿನಲ್ಲಿ ನನಗಿದ್ದ ಏಕೈಕ ಅಧಿಕಾರ ಅದು ಎಂದು ಅವತ್ತು ಗೊತ್ತಾಯಿತು.

ಎರಡನೆಯ ಕಾನೂನು, ಮೈಕಿನಲ್ಲಿ ನಿರೂಪಕಿ ಏನು ಹೇಳುತ್ತಾಳೋ ಅದು ನಡೆಯಲೇಬೇಕು. ಒಮ್ಮೆ ಒಬ್ಬ ಹಿರಿಯ ಕೃಷಿಕರಿಗೆ ಸನ್ಮಾನವೆಂದು ಘೋಷಣೆಯಾಯಿತು. ಅವರು ಹುಷಾರಿಲ್ಲದೆ ಬಂದಿರಲಿಲ್ಲ, ಕಾರು ಮತ್ತು ಡ್ರೈವರನ್ನು ಮಾತ್ರ ಕಳಿಸಿದ್ದರು. ಘೋಷಣೆ ಆಗಿಹೋಗಿದೆ, ಶಾಲು ಬಿಚ್ಚಿಯಾಗಿದೆ, ಇನ್ನೇನು ಮಾಡುವುದು? ಡ್ರೈವರನ್ನೇ ಕುರ್ಚಿಯಲ್ಲಿ ಕೂರಿಸಿ ಪೇಟ ಇಟ್ಟರು. ಸಾವಯವ ಕೃಷಿಗೆ ಆತ ಸಲ್ಲಿಸಿದ ಸೇವೆಯನ್ನು ಓದಿ ಹೇಳಿದರು. ಡ್ರೈವರ್ ಭಾವುಕನಾಗಿ ಕಣ್ಣೊರೆಸಿಕೊಂಡ. ನಾನು ಅವನಿಗೂ ವಂದಿಸಿದೆ.

ಆ ನಿರೂಪಕಿ ಸಫಿಯಾ. ಇನ್ನು ಹೇಳುವುದೆಲ್ಲ ಅವಳ ಕಥೆ.

ಸಫಿಯಾ ಕಕ್ಕಿಂಜೆಯ ಹುಡುಗಿ. ಅವಳ ತಂದೆಗೆ, ಅವಳ ಮಾತಿನಲ್ಲಿ ಉಪ್ಪನಿಗೆ, ಅಲ್ಲೇ ಒಂದು ಫ್ಯಾನ್ಸಿ ಅಂಗಡಿ. ಬೆಳಗ್ಗೆ ಹೊರಟು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಕಿಟಕಿಯ ಸೀಟು ಸಿಕ್ಕಿದರೆ ಅಲ್ಲಿಂದ ನಿದ್ದೆ ಮಾಡಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಬ್ಯಾರಿ ಭಾಷೆ, ಬಸ್ಸಿನಲ್ಲಿ ತುಳು. ಆದರೆ ಮೈಕಿನ ಮುಂದೆ ನಿಂತಳೆಂದರೆ ನಾನು ತರಗತಿಯಲ್ಲಿ ಆಡಲು ಸಂಕೋಚಪಡುವಂಥ ಕನ್ನಡ ಅವಳ ಬಾಯಿಂದ ಬರುತ್ತಿತ್ತು. ‘ಜ್ಞಾನದಾಸೋಹದ ಈ ಶುಭಗಳಿಗೆಯಲ್ಲಿ’ ಎಂದು ಅವಳು ಶುರು ಮಾಡಿದರೆ ಹಿಂದಿನ ಸಾಲಿನ ಹುಡುಗರು ಮೊಬೈಲು ಕಿಸೆಗೆ ಹಾಕುತ್ತಿದ್ದರು. ಮೊದಲ ವರ್ಷದಲ್ಲಿ ಯಾರೋ ಗೈರುಹಾಜರಾದ್ದಕ್ಕೆ ಅವಳನ್ನು ನಿಲ್ಲಿಸಿದ್ದು. ಆಮೇಲೆ ಅವಳಿಗೆ ಬಿಡುಗಡೆಯೇ ಆಗಲಿಲ್ಲ. ನಿಮಗೆ ಗೊತ್ತಿರಬಹುದು, ನಮ್ಮಲ್ಲಿ ಒಂದು ಕೆಲಸವನ್ನು ಒಮ್ಮೆ ಚೆನ್ನಾಗಿ ಮಾಡಿದವರಿಗೆ ಮತ್ತೆ ಬೇರೆ ಕೆಲಸ ಕೊಡುವುದಿಲ್ಲ. ಅವಳು ‘ನಿರೂಪಿಸಿದರು’, ನಾನು ‘ವಂದಿಸಿದರು’. ಪೇಪರಿನ ಕೊನೆಯ ಸಾಲಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮನೆಯವರು.

ಹೀಗಾಗಿ ಎಲ್ಲ ಉಪನ್ಯಾಸಗಳನ್ನು ಪೂರ್ತಿ ಕೇಳಿದವರು ಇಡೀ ಕಾಲೇಜಿನಲ್ಲಿ ನಾವಿಬ್ಬರೇ. ನನಗೆ ಕೊನೆಯಲ್ಲಿ ಕೆಲಸ, ಅವಳಿಗೆ ಉದ್ದಕ್ಕೂ ಕೆಲಸ. ನಾನು ಕೇಳುತ್ತಿದ್ದದ್ದು ನಿದ್ದೆ ಬಾರದ ಹಾಗೆ ತೊಡೆ ಚಿವುಟಿಕೊಂಡು. ಅವಳು ನಿಜವಾಗಿ ಕೇಳುತ್ತಿದ್ದಳು. ಸಭೆ ಮುಗಿದು ಕುರ್ಚಿ ಎತ್ತಿಡುವಾಗ, “ಸರ್, ಅವ್ರು ಹೇಳಿದ್ದು ಸರಿ ಆದ್ರೆ ಜೇನಿಗೆ ಮಳೆಗಾಲದಲ್ಲಿ ಎಂತ ಗತಿ?” ಎಂದು ನನ್ನನ್ನು ಹಿಡಿಯುತ್ತಿದ್ದಳು. ಜೇನಿನ ಗತಿ ನನಗೆ ಗೊತ್ತಿಲ್ಲ, ಅತಿಥಿಗಳು ಊಟಕ್ಕೆ ಹೋಗಿಯಾಗಿದೆ. ನಿರೂಪಕಿ ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಅವಳು ವೇದಿಕೆಯವಳು, ಪ್ರಶ್ನೆ ಕೇಳುವುದು ಸಭೆಯವರ ಕೆಲಸ.

ಸಭೆಯವರ ಪ್ರಶ್ನೆಯ ಕಥೆಯೂ ಕೇಳಿ. ಒಮ್ಮೆ ಕಾಲೇಜು ತಪಾಸಣೆಗೆ ಬಂದ ತಂಡ ‘ಇಲ್ಲಿ ಸಂವಾದ ಸಾಲದು’ ಎಂದು ಹೇಳಿ ಹೋಯಿತು. ಮರುವಾರದಿಂದ ನಾವು ಪ್ರಶ್ನೆಗಳನ್ನು ಮೊದಲೇ ಹಂಚತೊಡಗಿದೆವು. ಎಲ್ಲ ವಿಷಯಕ್ಕೂ ಹೊಂದುವಂಥ ಒಂದು ಪ್ರಶ್ನೆಯನ್ನು ನಾನೇ ತಯಾರಿಸಿದ್ದೆ, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು: ‘ಈ ಕ್ಷೇತ್ರದಲ್ಲಿ ಯುವಜನರಿಗೆ ಯಾವ ಅವಕಾಶಗಳಿವೆ?’ ಜೇನಿಗೂ ನಡೆಯಿತು, ಶಾಸನಕ್ಕೂ ನಡೆಯಿತು. ಇದನ್ನು ಕೇಳುವ ಹೊಣೆ ಪ್ರಜ್ವಲನದ್ದು. ಅವನು ಸಂಚಾಲಕರ ತಂಗಿಯ ಮಗ, ಅಂತಿಮ ಬಿ.ಎ., ಗಟ್ಟಿ ಗಂಟಲಿನ ಸಾಧು ಹುಡುಗ. ಮಂಗಳೂರಿನ ಡಾಕ್ಟರೊಬ್ಬರು ಮೂತ್ರಕೋಶದ ಕಲ್ಲಿನ ಬಗ್ಗೆ ಮಾತಾಡಿ ಕೂತಾಗಲೂ ಪ್ರಜ್ವಲ್ ಎದ್ದು ನಿಂತು ಈ ಕ್ಷೇತ್ರದಲ್ಲಿ ಯುವಜನರಿಗೆ ಯಾವ ಅವಕಾಶಗಳಿವೆ ಎಂದು ಕೇಳಿದ. ಡಾಕ್ಟರು ಮತ್ತೆ ಮೈಕು ಎತ್ತಿಕೊಂಡು, “ನೀರು ಕಡಿಮೆ ಕುಡಿದರೆ ಎಲ್ಲರಿಗೂ ಅವಕಾಶ ಉಂಟು,” ಎಂದರು.

ಹೀಗೆ ಸುಖವಾಗಿ ನಡೆಯುತ್ತಿರುವಾಗ ಸುಮಿತ್ರಾ ಮೇಡಂ ಬರುವುದೆಂದಾಯಿತು. ಮೈಸೂರು ಕಡೆಯವರು, ದೂರದ ಒಂದು ದೊಡ್ಡ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ. ಮನುಷ್ಯ ಒಂದೊಂದು ಜಾಗದಲ್ಲಿ ಒಂದೊಂದು ಭಾಷೆ ಆಡುವುದು ಯಾಕೆ ಎನ್ನುವುದು ಅವರ ಅಧ್ಯಯನದ ವಿಷಯ. ಅವರು ಫೋನಿನಲ್ಲಿ ಪ್ರಾಂಶುಪಾಲರಿಗೆ ಒಂದು ಮಾತು ಹೇಳಿದ್ದರು. ತಮ್ಮ ಸಂಸ್ಥೆಯಲ್ಲಿ ಎಂ.ಎ.ಗೆ ಈ ಭಾಗದ ಒಬ್ಬ ವಿದ್ಯಾರ್ಥಿಗೆ ಜಾಗವಿದೆ. ಶುಲ್ಕವಿಲ್ಲ, ಹಾಸ್ಟೆಲೂ ಸಂಸ್ಥೆಯದ್ದೇ. ಅಂಕಪಟ್ಟಿ ನೋಡುವುದಿಲ್ಲ, ಉಪನ್ಯಾಸದ ನಂತರ ಯಾರು ಒಳ್ಳೆಯ ಪ್ರಶ್ನೆ ಕೇಳುತ್ತಾರೋ ಅವರನ್ನು ಆರಿಸುತ್ತೇನೆ.

ಪ್ರಾಂಶುಪಾಲರ ಮುಖ ಬಿಳಿಚಿಕೊಂಡಿತು. “ಒಳ್ಳೇ ಪ್ರಶ್ನೆ ಅಂದ್ರೆ ಎಂಥದ್ದು ಮಾಷ್ಟ್ರೇ? ನಮ್ಮ ಹತ್ರ ಒಂದೇ ಇರುವುದಲ್ವಾ?”

ಆ ಸಂಜೆಯೇ ಸಫಿಯಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ವೇದಿಕೆಯ ಸಫಿಯಾ ಅಲ್ಲ, ಸ್ವರವೇ ಸಣ್ಣದಾಗಿತ್ತು.

“ಸರ್, ನನಗೆ ಒಂದು ಪ್ರಶ್ನೆ ಉಂಟು. ಆ ಮೇಡಂನ ಹತ್ರ ಕೇಳ್ಬೇಕು.”

“ನಿರೂಪಣೆ?”

“ಅದೇ ಸರ್. ಈ ಒಂದ್ಸಲ ನನ್ನನ್ನು ಕೆಳಗೆ ಕೂತ್ಕೊಳ್ಳಲಿಕ್ಕೆ ಬಿಡ್ತೀರಾ? ಸೀಟು ಸಿಕ್ಕಿದ್ರೆ ಕಳಿಸ್ತೇನೆ ಅಂತ ಉಪ್ಪ ಹೇಳಿದ್ದಾರೆ. ಇಲ್ಲದಿದ್ರೆ ನಾನು ಅಂಗಡಿಯಲ್ಲಿ ಕೂತ್ಕೊಳ್ಳುವುದು. ಅಂಗಡಿಯಲ್ಲಿ ಕೂತ್ಕೊಳ್ಳುವುದು ಕೆಟ್ಟದ್ದಲ್ಲ ಸರ್. ಆದ್ರೆ ಬಳೆ ತಗೊಳ್ಳಿಕ್ಕೆ ಬಂದವರ ಹತ್ರ ಇದನ್ನೆಲ್ಲ ಕೇಳ್ಲಿಕ್ಕೆ ಆಗ್ತದಾ?”

ವಿಷಯ ಸ್ಟಾಫ್ ಮೀಟಿಂಗಿಗೆ ಹೋಯಿತು. ನಿರೂಪಕಿ ಪ್ರಶ್ನೆ ಕೇಳಬಹುದೇ ಎಂಬ ಬಗ್ಗೆ ಅಲ್ಲಿ ನಡೆದ ಚರ್ಚೆ ನಮ್ಮ ಯಾವ ಸಂವಾದಕ್ಕಿಂತಲೂ ಬಿರುಸಾಗಿತ್ತು. ಕೇಳಬಾರದೆಂದು ಎಲ್ಲಿಯೂ ಇಲ್ಲ ಎಂದು ನಾನು ಹೇಳಿದೆ. ಕೇಳಬಹುದೆಂದೂ ಎಲ್ಲಿಯೂ ಇಲ್ಲ ಎಂದು ವಾಣಿಜ್ಯ ವಿಭಾಗದವರು ಹೇಳಿದರು. ಇವತ್ತು ನಿರೂಪಕಿ ಕೇಳಿದರೆ ನಾಳೆ ಪ್ರಾರ್ಥನೆ ಹಾಡಿದವರು ಕೇಳುತ್ತಾರೆ, ಆಮೇಲೆ ದೀಪಕ್ಕೆ ಎಣ್ಣೆ ಹಾಕಿದವರೂ ಕೇಳುತ್ತಾರೆ ಎಂದು ಇನ್ನೊಬ್ಬರು ಕಳವಳಪಟ್ಟರು. ಕೊನೆಗೆ ಬೇರೆ ನಿರೂಪಕರು ಸಿಕ್ಕಿದರೆ ಸಫಿಯಾ ಕೆಳಗೆ ಕೂರಬಹುದು ಎಂದು ತೀರ್ಮಾನವಾಯಿತು.

ಗಟ್ಟಿ ಗಂಟಲು ಇದ್ದದ್ದು ಪ್ರಜ್ವಲನಿಗೆ. ಆದರೆ ಆ ಗಂಟಲು ಪಳಗಿದ್ದು ಊರೂರಿನ ಕಬಡ್ಡಿ ಪಂದ್ಯಾಟಗಳಲ್ಲಿ, ವೀಕ್ಷಕ ವಿವರಣೆಗೆ. ತಾಲೀಮಿನ ದಿನ ಮೈಕು ಹಿಡಿದವನೇ, “ಇದೋ ನೋಡಿ, ವೇದಿಕೆಯ ಎಡಭಾಗದಿಂದ ಪ್ರಾಂಶುಪಾಲರ ಭರ್ಜರಿ ಪ್ರವೇಶ! ಬಲಗಾಲು ಮುಂದಿಟ್ಟಿದ್ದಾರೆ! ದೀಪವನ್ನು ಮುಟ್ಟಿಯೇ ಬಿಡುತ್ತಾರಾ? ಮುಟ್ಟಿದರು, ಮುಟ್ಟಿದರು!” ಎಂದು ಶುರು ಮಾಡಿದ. ದೀಪ ಹಚ್ಚುವ ನಟನೆ ಮಾಡುತ್ತಿದ್ದ ಪ್ರಾಂಶುಪಾಲರು ಬೆಚ್ಚಿ ಹಿಂದೆ ಹಾರಿದರು. ಸಂಚಾಲಕರು ಅಳಿಯನನ್ನು ಪಕ್ಕಕ್ಕೆ ಕರೆದು ಬೆನ್ನು ತಟ್ಟಿ, ನೀನು ನಿನ್ನ ಪ್ರಶ್ನೆಯನ್ನೇ ಕೇಳು ಎಂದರು. ಅಳಿಯನಿಗೆ ಎಂ.ಎ. ಸೀಟು ಸಿಕ್ಕಿದರೆ ಒಳ್ಳೆಯದಲ್ಲವೇ ಎಂದು ಅವರಿಗೂ ಆಸೆ ಇತ್ತು. ಅಳಿಯನಿಗೆ ಇರಲಿಲ್ಲ. ಅವನ ಕನಸೆಲ್ಲ ಕಬಡ್ಡಿ ಮ್ಯಾಟಿನ ಬದಿಯಲ್ಲಿತ್ತು.

ನಿರೂಪಣೆ ಮತ್ತೆ ಸಫಿಯಾಳಿಗೇ ಬಂತು. ಸುದ್ದಿ ಹೇಳಿದವನು ನಾನು. ಅವಳು ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡು, “ಆಯ್ತು ಸರ್,” ಎಂದಳು. ಅಷ್ಟೇ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು.

ಆ ದಿನ ಬಂತು. ಮೇಡಂ ಮಧ್ಯಾಹ್ನ ಬಜಪೆಯಲ್ಲಿ ವಿಮಾನ ಹಿಡಿಯಬೇಕಿತ್ತು, ಕಾರು ಮೆಟ್ಟಿಲ ಹತ್ತಿರವೇ ತಯಾರಾಗಿ ನಿಂತಿತ್ತು. ನಮ್ಮ ಸಭೆ ಎಂದಿನ ಗಾಂಭೀರ್ಯದಲ್ಲಿ ತೆವಳತೊಡಗಿತು. ದೀಪ ಆರಬಾರದೆಂದು ಫ್ಯಾನುಗಳನ್ನೆಲ್ಲ ಬಂದ್ ಮಾಡಿದ್ದರಿಂದ ಗಣ್ಯರು ಬೆವರಿ ತೊಟ್ಟಿಕ್ಕುತ್ತಿದ್ದರು. ಸಂಚಾಲಕರು, ತಮಗೆ ಸಿದ್ದಕಟ್ಟೆಯಲ್ಲಿ ಇನ್ನೊಂದು ಸಭೆ ಇದೆ, ಬೇಗ ಹೋಗಬೇಕು ಎಂದು ಅಧ್ಯಕ್ಷೀಯ ಭಾಷಣವನ್ನು ಮೊದಲೇ ಮಾಡಿದರು. ಸಾವಕಾಶವಾಗಿಯೇ ಮಾಡಿದರು. ಮಾಡಿದ ಮೇಲೆ ಹೋಗಲಿಲ್ಲ. ಖೋ-ಖೋ ತಂಡ ಆ ಸಲ ಸೋತಿದ್ದರೂ ಶಾಲು ಉಳಿದಿತ್ತೆಂದು ಅವರಿಗೆ ಸನ್ಮಾನವಾಯಿತು.

ಕೊನೆಗೆ ಮೇಡಂ ಮಾತಾಡಿದರು. ಸಣ್ಣ ಕುಂಕುಮ, ಕಾಟನ್ ಸೀರೆ, ಮೆಲ್ಲಗಿನ ಸ್ವರ. ನಾನು ತೊಡೆ ಚಿವುಟಿಕೊಳ್ಳುವುದನ್ನು ಮರೆತು ಕೇಳಿದ್ದು ಆ ಉಪನ್ಯಾಸವನ್ನು ಮಾತ್ರ. ಅವರು ವಿಷಯದ ಒಳಗೆ ಕಾಲಿಡುತ್ತಿದ್ದ ಹಾಗೆ ಪ್ರಾಂಶುಪಾಲರು ‘ಸಮಯ’ ಎಂದು ಬರೆದ ಚೀಟಿಯನ್ನು ಮುಂದೆ ಸರಿಸಿದರು. ಮೇಡಂ ನಕ್ಕು, “ಸರಿ, ಇಲ್ಲಿಗೆ ನಿಲ್ಲಿಸ್ತೀನಿ. ನಂಗೆ ಮುಖ್ಯ ನಿಮ್ಮ ಪ್ರಶ್ನೆಗಳು,” ಎಂದರು.

ಪ್ರಜ್ವಲ್ ಎದ್ದ. “ಈ ಕ್ಷೇತ್ರದಲ್ಲಿ ಯುವಜನರಿಗೆ ಯಾವ ಅವಕಾಶಗಳಿವೆ?”

ನನ್ನ ಆ ಪ್ರಶ್ನೆ ಅಷ್ಟು ಸಭೆಗಳಲ್ಲಿ ಓಡಾಡಿ ಓಡಾಡಿ ಅವತ್ತು ಮೊದಲ ಬಾರಿಗೆ ತನ್ನ ಜಾಗಕ್ಕೆ ಬಂದು ಮುಟ್ಟಿತ್ತು. “ಒಂದು ಅವಕಾಶ ಇದೆ. ಅದನ್ನ ಕೊಡೋಕೇ ನಾನು ಬಂದಿರೋದು,” ಎಂದರು ಮೇಡಂ. ಸಭೆ ಚಪ್ಪಾಳೆ ತಟ್ಟಿತು. ಸಂಚಾಲಕರು ಫೋಟೋದವನನ್ನು ಹತ್ತಿರ ಕರೆದರು. ಏನೋ ಆಗಬಾರದ್ದು ಆಗುತ್ತಿದೆ ಎಂದು ಪ್ರಜ್ವಲನ ಮುಖವೇ ಹೇಳುತ್ತಿತ್ತು.

“ಇನ್ನು ಯಾರಾದ್ರೂ ಕೇಳ್ತೀರಾ?” ಮೇಡಂ ಸಭೆಯನ್ನು ಇಡೀ ನೋಡಿದರು. ಪ್ರಶ್ನೆ ಹಂಚಿದ್ದು ಒಬ್ಬನಿಗೆ ಮಾತ್ರ, ಆದ್ದರಿಂದ ಯಾರೂ ಏಳಲಿಲ್ಲ. ಅವರ ಬೆನ್ನ ಹಿಂದೆ, ವೇದಿಕೆಯ ಮೂಲೆಯ ಮೈಕಿನ ಹತ್ತಿರ, ಸಫಿಯಾ ಕೈ ಎತ್ತಿ ನಿಂತಿದ್ದಳು. ನನಗೆ ಕಾಣುತ್ತಿತ್ತು. ಮೇಡಂಗೆ ಕಾಣುವಂತಿರಲಿಲ್ಲ. ಪ್ರಾಂಶುಪಾಲರು ಅವಳಿಗೆ ಕೈ ಇಳಿಸುವಂತೆ ಸನ್ನೆ ಮಾಡಿ, ನನ್ನ ಕಡೆ ಬೆರಳು ತೋರಿಸಿದರು. ಮುಂದಿನದ್ದು ಧನ್ಯವಾದ, ಘೋಷಣೆ ಮಾಡು ಎಂದರ್ಥ.

ಸಫಿಯಾ ಕೈ ಇಳಿಸಿದಳು. ಮೈಕಿನ ಮುಂದೆ ಬಂದಳು. ಆ ಸ್ವರ ಎಂದಿನಂತೆ ಗಂಭೀರವಾಗಿ ಮೊಳಗಿತು.

“ಇದೀಗ ಈ ಜ್ಞಾನದಾಸೋಹದ ಬಹು ನಿರೀಕ್ಷಿತ ಘಟ್ಟ. ನಿರೂಪಕಿಯ ಪ್ರಶ್ನೆ. ಪ್ರಶ್ನೆಯನ್ನು ಕೇಳಲಿದ್ದಾರೆ ಅಂತಿಮ ಬಿ.ಎ. ವಿದ್ಯಾರ್ಥಿನಿ ಕುಮಾರಿ ಸಫಿಯಾ. ಅವರನ್ನು ಗೌರವಪೂರ್ವಕವಾಗಿ ಸಭೆಗೆ ಆಹ್ವಾನಿಸುತ್ತಿದ್ದೇವೆ.”

ಮೈಕಿನಲ್ಲಿ ಹೇಳಿಯಾಯಿತಲ್ಲ! ಸಭೆ ಚಪ್ಪಾಳೆ ಹೊಡೆಯಿತು. ಸಂಚಾಲಕರೂ ಹೊಡೆದರು, ಆಮೇಲೆ ನನ್ನ ಕಡೆ ಬಾಗಿ ತುಳುವಿನಲ್ಲಿ, “ಉಂದು ದಾದ ಮಾಷ್ಟ್ರೇ?” ಎಂದು ಕೇಳಿದರು. ಇದು ಏನು ಎಂದು ನನಗೂ ಗೊತ್ತಿರಲಿಲ್ಲ. ಸಫಿಯಾ ತನ್ನನ್ನು ತಾನೇ ಆಹ್ವಾನಿಸಿಕೊಂಡು, ವೇದಿಕೆಯ ಮೆಟ್ಟಿಲು ಇಳಿದು, ಸುತ್ತು ಹಾಕಿ ಸಭೆಯ ಎದುರು ಸಾಲಿಗೆ ಬಂದು ನಿಂತಳು. ಪ್ರಜ್ವಲ್ ತನ್ನ ಕೈಯಲ್ಲಿದ್ದ ಮೈಕನ್ನು ಅವಳಿಗೆ ಕೊಟ್ಟು, ಬಹಳ ದೊಡ್ಡ ಗಂಡಾಂತರದಿಂದ ಪಾರಾದವನ ಹಾಗೆ ಕುಳಿತುಕೊಂಡ.

“ಮೇಡಂ,” ಎಂದಳು. ದೊಡ್ಡ ಸ್ವರ ಅಷ್ಟಕ್ಕೇ ನಿಂತಿತು. ಮುಂದಿನದ್ದು ನನ್ನ ಮೇಜಿನ ಹತ್ತಿರ ಕೇಳಿದ ಸಣ್ಣ ಸ್ವರ. “ನಾನು ಮನೆಯಲ್ಲಿ ಬ್ಯಾರಿ ಮಾತಾಡ್ತೇನೆ, ಬಸ್ಸಿನಲ್ಲಿ ತುಳು. ಇಲ್ಲಿ ಮೈಕಿನಲ್ಲಿ ಈ ಕನ್ನಡ. ಇದರಲ್ಲಿ ನಾನು ಎಷ್ಟೋ ಜನರ ಬಗ್ಗೆ ಹೇಳಿದ್ದೇನೆ, ಹೊಗಳಿದ್ದೇನೆ. ಎಲ್ಲ ಸಲೀಸು ಬರ್ತದೆ. ಆದ್ರೆ ನನ್ನ ಬಗ್ಗೆ ಒಂದು ಮಾತು ಹೇಳುವ ಅಂತ ಹೊರಟ್ರೆ ಈ ಮೈಕಿನ ಮುಂದೆ ನನಗೆ ಎಂತದ್ದೂ ಬರುವುದಿಲ್ಲ. ಇಷ್ಟು ಚೆಂದ ಬರುವ ಭಾಷೆಯಲ್ಲಿ ನಾನೇ ಯಾಕೆ ಇಲ್ಲ ಮೇಡಂ?”

ಸಭಾಂಗಣದಲ್ಲಿ ಬೀಸಣಿಗೆ ಮಾಡಿಕೊಂಡಿದ್ದ ಆಮಂತ್ರಣ ಪತ್ರಿಕೆಗಳೆಲ್ಲ ನಿಂತವು. ಮೇಡಂ, “ನಂಗೆ ಗೊತ್ತಿಲ್ಲ,” ಎಂದರು.

ನಮ್ಮ ವೇದಿಕೆಯ ಮೇಲೆ ‘ಗೊತ್ತಿಲ್ಲ’ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅತಿಥಿಗಳಿಗೆ ಅವಮಾನವಾಯಿತೆಂದು ಪ್ರಾಂಶುಪಾಲರು ಅರ್ಧ ಎದ್ದರು. ಮೇಡಂ ಕೈಸನ್ನೆಯಲ್ಲೇ ಅವರನ್ನು ಕೂರಿಸಿ, ಸಫಿಯಾಳಿಗೆ, “ಬ್ಯಾರಿಯಲ್ಲಿ ಹೇಳಿ, ನೋಡೋಣ. ನಿಮ್ಮ ಬಗ್ಗೆ,” ಎಂದರು.

ಸಫಿಯಾ ಹೇಳತೊಡಗಿದಳು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅಂಗಡಿಯ ಬಗ್ಗೆ, ಬಸ್ಸಿನ ಬಗ್ಗೆ, ಏನೋ ತಮಾಷೆ. ಹಿಂದಿನ ಸಾಲಿನ ಹುಡುಗಿಯರು ನಕ್ಕರು. ಆ ಮೈಕಿನಲ್ಲಿ ಬ್ಯಾರಿ ಕೇಳಿಬಂದದ್ದು ಅದೇ ಮೊದಲು. ಅವಳು ಕೈ ಆಡಿಸುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಕೈ ಆಡಿಸಿದ್ದನ್ನು ನಾನು ನೋಡಿರಲಿಲ್ಲ. ನನಗೆ ಅವಳ ಬಗ್ಗೆ ಬಹಳ ಹೆಮ್ಮೆಯೆನಿಸಿತು, ಸುಳ್ಳು ಯಾಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮೇಡಂ ಕುರ್ಚಿಯನ್ನು ವೇದಿಕೆಯ ಅಂಚಿಗೆ ಎಳೆದುಕೊಂಡು, ಆ ಮಾತಿಗೆ ಏನರ್ಥ, ಈ ಮಾತಿಗೆ ಏನರ್ಥ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳತೊಡಗಿದರು. ಇಬ್ಬರೂ ನಮ್ಮನ್ನೆಲ್ಲ ಮರೆತಿದ್ದರು.

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಪ್ರಾಂಶುಪಾಲರು ಬಾಗಿ, “ಮಾಷ್ಟ್ರೇ, ಹೋಗಿ ಹೋಗಿ, ಧನ್ಯವಾದ ಹೇಳಿ, ಮುಗಿಸುವ,” ಎಂದರು. ನಾನು ಎದ್ದೆ. ಮೈಕಿನ ತನಕ ಹೋದೆ. ಕೈ ಜೋಡಿಸಿದೆ. ಸಫಿಯಾ ಕೆಳಗಿನಿಂದ ನನ್ನನ್ನು ನೋಡಿದಳು. ಮಾತಿನ ನಡುವೆ, ಒಂದು ಕ್ಷಣ. ನಾನು ಬಾಯಿ ತೆರೆದರೆ ಎಲ್ಲರೂ ಏಳುತ್ತಾರೆ, ಬಾಗಿಲಿಗೆ ನುಗ್ಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಬಾಯಿ ತೆರೆದೆ. ಆಮೇಲೆ ಗಂಟಲನ್ನು ಮುಟ್ಟಿ ತೋರಿಸಿ, ಸ್ವರ ಹೋಗಿದೆ ಎಂದು ಸನ್ನೆ ಮಾಡಿದೆ.

ವೇದಿಕೆಯಲ್ಲಿ ಸಣ್ಣ ಗದ್ದಲವಾಯಿತು. ಸಂಚಾಲಕರು ಕಿಸೆಯಿಂದ ಶುಂಠಿಯ ಗುಳಿಗೆ ತೆಗೆದು ನನ್ನ ಬಾಯಿಗೆ ಹಾಕಿದರು. ವ್ಯಾಯಾಮ ಶಿಕ್ಷಕರು ಓಡಿ ಬಂದು ಬೆನ್ನಿಗೆ ಗುದ್ದಿದರು. ಕ್ಯಾಂಟೀನಿನಿಂದ ಕರಿಮೆಣಸಿನ ಕಷಾಯ ಬಂತು, ಅದು ಕುದಿಯುತ್ತಿತ್ತು, ಆರಬೇಕಿತ್ತು. ಬೇರೆ ಯಾರಾದರೂ ವಂದಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಮಂತ್ರಣದಲ್ಲಿ ಅಚ್ಚಾದದ್ದು ನನ್ನ ಹೆಸರು, ಬೇರೆಯವರು ಮೈಕಿನಲ್ಲಿ ಘೋಷಣೆಯಾಗದೆ ಹೇಗೆ ವಂದಿಸುವುದು? ಘೋಷಣೆ ಮಾಡುವವಳು ಕೆಳಗೆ ಪ್ರಶ್ನೆ ಕೇಳುತ್ತಿದ್ದಳು. ನಾನು ಕಷಾಯವನ್ನು ಊದಿ ಊದಿ ಗುಟುಕು ಗುಟುಕಾಗಿ ಕುಡಿದೆ. ನನ್ನ ಜನ್ಮದಲ್ಲಿ ಅಷ್ಟು ಖಾರದ ಕಷಾಯ ಕುಡಿದದ್ದಿಲ್ಲ, ಅಷ್ಟು ರುಚಿಯಾದದ್ದನ್ನೂ ಕುಡಿದದ್ದಿಲ್ಲ. ಇಡೀ ಸಭೆ ಸಂಸ್ಕಾರವಂತವಾಗಿ ಕುಳಿತೇ ಇತ್ತು. ಎದ್ದು ಹೋಗುವಂತಿಲ್ಲ ಎಂದಾದ ಮೇಲೆ ಅವರೂ ಕೇಳತೊಡಗಿದರು. ನಾರಾವಿಯ ಹುಡುಗನೊಬ್ಬ ಎದ್ದು ತನಗೆ ಸಿಟ್ಟು ಬರುವುದು ತುಳುವಿನಲ್ಲಿ ಮಾತ್ರ, ಕನ್ನಡದಲ್ಲಿ ಬರುವುದೇ ಇಲ್ಲ, ಯಾಕೆ ಎಂದ. ಪ್ರಾರ್ಥನೆ ಹಾಡಿದ ಹುಡುಗಿಯೂ ಕೇಳಿದಳು. ವಾಣಿಜ್ಯ ವಿಭಾಗದವರು ಹೆದರಿದ್ದು ನಿಜವಾಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಮೈಕಿಲ್ಲದೆ ಧನ್ಯವಾದ ಹೇಳಿದರೆ ಅದು ಊರ್ಜಿತವೇ ಎಂದು ಯಾರಿಗೂ ಖಚಿತವಿರಲಿಲ್ಲ. ಮೇಡಂ ಎದ್ದು, ಸಫಿಯಾಳ ಹೆಗಲ ಮೇಲೆ ಕೈಯಿಟ್ಟು, ಮಾತಾಡುತ್ತಲೇ ಕಾರಿನ ತನಕ ಹೋದರು. ಕಾರಿನ ಬಾಗಿಲು ಹಾಕುವ ಮುಂಚೆ, “ಜೂನ್ ಒಳಗೆ ಬಂದ್ಬಿಡಿ,” ಎಂದದ್ದು ನನಗೂ ಕೇಳಿಸಿತು. ಸಭೆಯವರು ಗೊಂದಲದಲ್ಲೇ ಊಟಕ್ಕೆ ಹೋದರು. ಕೆಲವರು ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಹೋಗಿದ್ದರು, ಕರೆಂಟು ಬಂದ ಮೇಲೆ ಧನ್ಯವಾದಕ್ಕೆ ಜಾಗ ಇರಲಿ ಎಂದು. ಮರುದಿನದ ಪೇಪರಿನಲ್ಲಿ ನಾನು ವಂದಿಸಿದ್ದೇನೆ ಎಂದೇ ಬಂತು. ವರದಿಯನ್ನು ನಾವು ಹಿಂದಿನ ದಿನವೇ ಕಳಿಸಿದ್ದೆವು.

ಬುಟ್ಟಿಯ ವಿಷಯ ಹೇಳಲಿಲ್ಲ ಅಲ್ಲವೇ? ನಿನ್ನೆ ಅದೇ ಸಭಾಂಗಣದಲ್ಲಿ ಉಪನ್ಯಾಸ ಕೊಡಲು ಸಫಿಯಾ ಬಂದಿದ್ದಳು. ಎಂ.ಎ. ಮುಗಿಸಿ ಈಗ ಮೇಡಂ ಅವರ ಸಂಸ್ಥೆಯಲ್ಲೇ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ತಂದೆ ಅಂಗಡಿಗೆ ರಜೆ ಹಾಕಿ ಮೊದಲ ಸಾಲಿನಲ್ಲಿ ಕುಳಿತಿದ್ದರು. ವೇದಿಕೆ ಇದೆಯಲ್ಲ ಎಂದು ನನಗೂ ಒಂದು ಸನ್ಮಾನ ಇಟ್ಟಿದ್ದರು, ಬುಟ್ಟಿ ಅದರದ್ದು. ಎಲ್ಲ ಹಾಗೆಯೇ ಇದೆ: ದೀಪ, ಬೆವರು, ಸಂಚಾಲಕರು. ಸಿದ್ದಕಟ್ಟೆಗೆ ಹೋಗಲಿಕ್ಕುಂಟು ಎಂದು ಅವರು ನಿನ್ನೆಯೂ ಮೊದಲೇ ಮಾತಾಡಿದರು. ಸಫಿಯಾ ಎದ್ದು ನಿಂತು ಮೊದಲು ಮಾಡಿದ ಕೆಲಸವೆಂದರೆ ಮೂಲೆಯಲ್ಲಿ ನಿಂತಿದ್ದ ಹೊಸ ನಿರೂಪಕಿಯ ಹತ್ತಿರ, “ನಿಮಗೆ ಎಂತಾದ್ರೂ ಕೇಳ್ಲಿಕ್ಕೆ ಉಂಟಾ?” ಎಂದು ವಿಚಾರಿಸಿದ್ದು. ಆ ಹುಡುಗಿ ಗಾಬರಿಯಾಗಿ ಪ್ರಾಂಶುಪಾಲರ ಮುಖ ನೋಡಿದಳು. ಆಮೇಲೆ, ಉಂಟು ಎಂದಳು.

ಹೊರಡುವಾಗ ಸಫಿಯಾ ನನ್ನ ಬುಟ್ಟಿಯನ್ನು ತಾನೇ ಎತ್ತಿಕೊಂಡು ರಿಕ್ಷಾದ ತನಕ ಬಂದಳು. ಕಾಗದ ಪರಪರ ಎನ್ನುತ್ತಿತ್ತು.

“ಸರ್, ಆ ದಿನ ನಿಮ್ಮ ಸ್ವರಕ್ಕೆ ಎಂತ ಆಗಿತ್ತು?”

“ಕಷಾಯ ಖಾರ ಇತ್ತು.”

“ಸ್ವರ ಹೋದ ಮೇಲೆ ಅಲ್ವಾ ಸರ್ ಕಷಾಯ ಬಂದದ್ದು?” ಅವಳು ನಕ್ಕಳು. ಆಮೇಲೆ ನಗದೆ ಹೇಳಿದಳು: “ಧನ್ಯವಾದ ಆಗದೆ ಸಭೆ ಮುಗಿಯುವುದಿಲ್ಲ ಅಂತ ನೀವೇ ಹೇಳ್ತಿದ್ರಿ. ಆ ದಿನದ್ದು ಇನ್ನೂ ಮುಗೀಲಿಲ್ಲ ಸರ್. ನಾನು ಇನ್ನೂ ಕೇಳ್ತಾ ಇದ್ದೇನೆ.”

ಅವಳಿಗೆ ಉತ್ತರವಾಗಿ ಏನಾದರೂ ಹೇಳಬೇಕಿತ್ತು. ಅಷ್ಟು ವರ್ಷ ವಂದಿಸಿದ ನನಗೆ ಒಂದು ಮಾತು ಹೊರಡಲಿಲ್ಲ. ನಿನ್ನೆ ನನ್ನ ಸ್ವರ ನಿಜವಾಗಿಯೂ ಹೋಗಿತ್ತು.

ಇದನ್ನು ಬರೆಯುತ್ತಿರುವಾಗ ಹೆಂಡತಿ ಕಾಗದವನ್ನು ಮಡಚುತ್ತಿದ್ದಾಳೆ. ಯಾವತ್ತಾದರೂ ಯಾರಿಗಾದರೂ ಬುಟ್ಟಿ ಕೊಡಲಿಕ್ಕೆ ಆಗುತ್ತದೆ ಎಂದು ಎತ್ತಿಡುತ್ತಾಳೆ, ಅವಳ ಕ್ರಮ ಅದು. ಪರಪರ ಸದ್ದು ಬರುತ್ತಲೇ ಇದೆ. ನನ್ನ ಕೈಗಳು ಅಭ್ಯಾಸಬಲದಿಂದ ಒಂದಕ್ಕೊಂದು ಹತ್ತಿರ ಬಂದವು.

“ಈಗ ಏಳ್ತೀರಾ?” ಎಂದು ಅಲ್ಲಿಂದಲೇ ಕೇಳಿದಳು.

“ಇಲ್ಲ,” ಎಂದೆ. “ಸಭೆ ನಡೀತಾ ಉಂಟು.”